ಮರಿಯ ಮಿದುಳಿಗೂ ಒಂದು ಹದವಿದೆ

(ಶಾಲಾ ಶಿಕ್ಷಕರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಓಟದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಒಂದು ಪ್ರಶ್ನೆಯನ್ನೂ ಅದಕ್ಕೆ ಕೊಟ್ಟ ಉತ್ತರವನ್ನೂ ಉಳಿಸಿಕೊಂಡಿದ್ದೇನೆ.)

ಮಾನ್ಯ ಶಿಕ್ಷಕ ಬಂಧುಗಳೇ,

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎಂಬ ಗಾದೆಯನ್ನು ಪರೀಕ್ಷೆಯಲ್ಲಿ ವಿಸ್ತರಿಸಿ ಬರೆದವರು ನಾವು; ಈಗ ಅದನ್ನೇ ಮಕ್ಕಳಿಂದ ಬರೆಸುತ್ತಿರುವವರೂ ನಾವೇ. ಆ ವಿಸ್ತರಣೆ ಸಾಮಾನ್ಯವಾಗಿ ಶಿಸ್ತಿನ ಕಡೆಗೆ ಹೊರಳುತ್ತದೆ. ಚಿಕ್ಕಂದಿನಲ್ಲೇ ಹಿಡಿದು ಬಗ್ಗಿಸಬೇಕು, ಇಲ್ಲವಾದರೆ ಕೈಮೀರುತ್ತದೆ ಎಂದು ಬರೆದರೆ ಪೂರ್ಣ ಅಂಕ ಸಿಗುತ್ತದೆ. ಕಳೆದ ಆರೇಳು ದಶಕಗಳಲ್ಲಿ ಬೆಕ್ಕು, ಗೂಬೆ, ಹಾಡುಹಕ್ಕಿ ಮತ್ತು ಇಲಿಗಳ ಮಿದುಳಿನ ಮೇಲೆ ನಡೆದಿರುವ ಅಧ್ಯಯನಗಳನ್ನು ಓದುತ್ತ ಬಂದ ನನಗೆ, ಈ ಗಾದೆ ಅರ್ಧ ನಿಜವನ್ನು ಹೇಳಿ ಇನ್ನರ್ಧವನ್ನು ಮರೆಸುತ್ತದೆ ಎಂದು ದಿನದಿಂದ ದಿನಕ್ಕೆ ಗಟ್ಟಿಯಾಗಿ ಅನ್ನಿಸುತ್ತಿದೆ. ಅದಕ್ಕಿಂತ ನಮ್ಮ ರೈತರು ಬಳಸುವ "ಹದ" ಎಂಬ ಮಾತು ಈ ವಿಷಯಕ್ಕೆ ಹೆಚ್ಚು ಹತ್ತಿರವಾಗಿದೆ. ಮಳೆ ಬಿದ್ದ ಮೇಲೆ ನೆಲ ಬಿತ್ತನೆಗೆ ಹದವಾಗಿರುವುದು ಕೆಲವು ದಿನ ಮಾತ್ರ. ಆ ದಿನಗಳಲ್ಲಿ ಬಿದ್ದ ಬೀಜ ಸುಲಭವಾಗಿ ಹುಟ್ಟುತ್ತದೆ. ಹದ ತಪ್ಪಿದ ಮೇಲೆ ಅದೇ ಬೀಜವನ್ನು ಅದೇ ನೆಲದಲ್ಲಿ ಹುಟ್ಟಿಸಲು ಎಷ್ಟೋ ಪಟ್ಟು ಶ್ರಮ ಬೇಕಾಗುತ್ತದೆ. ಪ್ರಾಣಿಯ ಮಿದುಳಿಗೂ ಇಂಥ ಹದಗಳಿವೆ. ಒಂದೊಂದು ಸಾಮರ್ಥ್ಯಕ್ಕೆ ಒಂದೊಂದು ಹದ. ಅವು ಹೇಗೆ ಬರುತ್ತವೆ, ಹೇಗೆ ಹೋಗುತ್ತವೆ, ಆ ದಿನಗಳಲ್ಲಿ ಮರಿಗೆ ಏನು ಸಿಕ್ಕಿತು, ಏನು ಸಿಗಲಿಲ್ಲ ಎಂಬುದು ಮಿದುಳಿನ ರಚನೆಯೊಳಗೆ ಹೇಗೆ ಇಳಿಯುತ್ತದೆ ಎಂಬುದೇ ಇಂದಿನ ನನ್ನ ವಿಷಯ.

ಕಣ್ಣಿನಿಂದ ಆರಂಭಿಸೋಣ. ವಯಸ್ಸಾದವರ ಕಣ್ಣಿಗೆ ಪೊರೆ ಬಂದರೆ, ಎಷ್ಟೋ ವರ್ಷಗಳ ಬಳಿಕ ತೆಗೆಸಿದರೂ ಅವರಿಗೆ ಮತ್ತೆ ಚೆನ್ನಾಗಿ ಕಾಣುತ್ತದೆ. ಆದರೆ ಹುಟ್ಟಿನಿಂದಲೇ ಪೊರೆಯಿದ್ದ ಮಗುವಿಗೆ ತಡವಾಗಿ ಶಸ್ತ್ರಚಿಕಿತ್ಸೆ ಮಾಡಿದರೆ, ಕಣ್ಣು ತಿಳಿಯಾದರೂ ನೋಟ ಸರಿಯಾಗಿ ಕೂಡಿಬರುವುದಿಲ್ಲ. ವೈದ್ಯರಿಗೆ ಬಹಳ ಹಿಂದಿನಿಂದ ತಿಳಿದಿದ್ದ ಈ ಒಗಟನ್ನು ಬಿಡಿಸಲು ಹೊರಟವರು ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟೆನ್ ವೀಸೆಲ್. 1958ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಅವರು ಬೆಕ್ಕಿನ ಮಿದುಳಿನ ಹಿಂಭಾಗದಲ್ಲಿರುವ, ಕಣ್ಣಿನ ಸುದ್ದಿಯನ್ನು ಗ್ರಹಿಸುವ ಹೊರಪದರವಾದ ದೃಷ್ಟಿ ಕಾರ್ಟೆಕ್ಸ್‌ನೊಳಗೆ ಸೂಕ್ಷ್ಮವಾದ ವಿದ್ಯುದಗ್ರವನ್ನು ಇಳಿಸಿ, ಒಂದೊಂದೇ ನರಕೋಶ ಯಾವುದಕ್ಕೆ ಮಿಡಿಯುತ್ತದೆ ಎಂದು ಕೇಳಿಸಿಕೊಳ್ಳುತ್ತಿದ್ದರು. ಚುಕ್ಕಿಗಳನ್ನು ತೋರಿಸಿದಾಗ ಸುಮ್ಮನಿದ್ದ ಕೋಶವೊಂದು, ಚುಕ್ಕಿಯಿದ್ದ ಗಾಜಿನ ಪಟ್ಟಿಯನ್ನು ಯಂತ್ರದೊಳಗೆ ತೂರಿಸುವಾಗ ಇದ್ದಕ್ಕಿದ್ದಂತೆ ಜೋರಾಗಿ ಮಿಡಿಯಿತು. ಆ ಕೋಶಕ್ಕೆ ಬೇಕಾಗಿದ್ದದ್ದು ಗಾಜಿನ ಅಂಚಿನ ತೆಳುವಾದ ನೆರಳು, ಅದೂ ಒಂದು ನಿರ್ದಿಷ್ಟ ಓರೆಯಲ್ಲಿರುವ ಗೆರೆಯಾಗಿ. ಕಾರ್ಟೆಕ್ಸ್‌ನ ಕೋಶಗಳು ಹೀಗೆ ಗೆರೆಗಳನ್ನೂ ಅವುಗಳ ಓರೆಯನ್ನೂ ಗುರುತಿಸುತ್ತವೆ ಎಂದೂ, ಅವುಗಳಲ್ಲಿ ಬಹುಪಾಲು ಎರಡೂ ಕಣ್ಣುಗಳ ಮಾತನ್ನು ಕೇಳುತ್ತವೆ ಎಂದೂ ಮುಂದೆ ತಿಳಿಯಿತು.

ಆ ಬಳಿಕ ಹಾರ್ವರ್ಡ್‌ಗೆ ಹೋದ ಇಬ್ಬರೂ 1963ರಲ್ಲಿ ಪ್ರಕಟಿಸಿದ ಪ್ರಯೋಗ ಇಂದಿನ ಮಾತಿಗೆಲ್ಲ ಅಡಿಗಲ್ಲು. ಬೆಕ್ಕಿನ ಮರಿ ಹುಟ್ಟಿ ಒಂದು ವಾರದ ಮೇಲೆ ಕಣ್ತೆರೆಯುತ್ತದೆ. ಆ ಹೊತ್ತಿಗೆ ಒಂದು ಕಣ್ಣಿನ ರೆಪ್ಪೆಗಳನ್ನು ಹೊಲಿದು, ಎರಡು ಮೂರು ತಿಂಗಳು ಕಳೆದ ಮೇಲೆ ಬಿಚ್ಚಿದರು. ಕಣ್ಣಿಗೆ ಏನೂ ಆಗಿರಲಿಲ್ಲ; ಅಕ್ಷಿಪಟ ಬೆಳಕಿಗೆ ಎಂದಿನಂತೆ ಸ್ಪಂದಿಸುತ್ತಿತ್ತು. ಆದರೆ ಕಾರ್ಟೆಕ್ಸ್‌ನಲ್ಲಿ ಅವರು ಪರೀಕ್ಷಿಸಿದ 84 ಕೋಶಗಳಲ್ಲಿ ಒಂದೇ ಒಂದು ಮಾತ್ರ ಮುಚ್ಚಿದ್ದ ಕಣ್ಣಿಗೆ ಓಗೊಟ್ಟಿತು. ಉಳಿದ 83 ಕೋಶಗಳೂ ತೆರೆದಿದ್ದ ಕಣ್ಣಿನ ವಶವಾಗಿದ್ದವು. ಆ ಮರಿ, ಹೊಲಿಗೆ ಬಿಚ್ಚಿದ ಕಣ್ಣೊಂದರಿಂದಲೇ ನಡೆಯಬೇಕಾಗಿ ಬಂದಾಗ ಕುರುಡು ಪ್ರಾಣಿಯಂತೆ ವರ್ತಿಸುತ್ತಿತ್ತು. ಇದೇ ಪ್ರಯೋಗವನ್ನು ಬೆಳೆದ ಬೆಕ್ಕಿನ ಮೇಲೆ ಮಾಡಿ, ಒಂದು ವರ್ಷಕ್ಕೂ ಮೇಲ್ಪಟ್ಟು ಕಣ್ಣು ಮುಚ್ಚಿಟ್ಟರೂ ಕಾರ್ಟೆಕ್ಸ್‌ನಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. 1970ರಲ್ಲಿ ಅವರು ಈ ಹದದ ಎಲ್ಲೆಗಳನ್ನು ನಿಖರವಾಗಿ ಗುರುತಿಸಿದರು: ಅದು ನಾಲ್ಕನೆಯ ವಾರದ ಆರಂಭದಲ್ಲಿ ಥಟ್ಟನೆ ತೆರೆಯುತ್ತದೆ, ಆರನೆಯ ಮತ್ತು ಎಂಟನೆಯ ವಾರಗಳ ನಡುವಿನ ಯಾವುದೋ ಹೊತ್ತಿನವರೆಗೂ ತೀವ್ರವಾಗಿಯೇ ಇರುತ್ತದೆ, ಬಳಿಕ ಇಳಿಯುತ್ತ ಮೂರನೆಯ ತಿಂಗಳ ಕೊನೆಯ ವೇಳೆಗೆ ಇಲ್ಲವಾಗುತ್ತದೆ. ನಾಲ್ಕು, ಐದನೆಯ ವಾರಗಳಲ್ಲಾದರೆ ಬರೀ ಮೂರು ನಾಲ್ಕು ದಿನ ಕಣ್ಣು ಮುಚ್ಚಿದ್ದರೂ ಸಾಕು, ಆ ಕಣ್ಣಿನ ಪಾಲು ತೀರ ಕುಗ್ಗುತ್ತದೆ. ಇವರಿಬ್ಬರಿಗೂ 1981ರಲ್ಲಿ ನೊಬೆಲ್ ಬಹುಮಾನದ ಪಾಲು ದೊರೆಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಬಳಸದೆ ಬಿಟ್ಟದ್ದು ಸೊರಗುತ್ತದೆ ಎಂಬಷ್ಟೇ ನಿಯಮವಾಗಿದ್ದರೆ, ಎರಡೂ ಕಣ್ಣುಗಳನ್ನು ಮುಚ್ಚಿದಾಗ ನಷ್ಟ ಎರಡು ಪಟ್ಟಾಗಬೇಕಿತ್ತು. 1965ರಲ್ಲಿ ಅವರು ಅದನ್ನೂ ಮಾಡಿ ನೋಡಿದರು. ನಷ್ಟವಾದದ್ದು ಅವರು ಎಣಿಸಿದ್ದಕ್ಕಿಂತ ಬಹಳ ಕಡಿಮೆ. ಎಷ್ಟೋ ಕೋಶಗಳು ಇನ್ನೂ ಎರಡೂ ಕಣ್ಣುಗಳಿಗೆ ಸ್ಪಂದಿಸುತ್ತಿದ್ದವು. ಅಂದರೆ ಒಂದು ಕಣ್ಣು ಪಾಲು ಕಳೆದುಕೊಳ್ಳುವುದು ತಾನು ಸುಮ್ಮನಿದ್ದುದರಿಂದ ಮಾತ್ರವಲ್ಲ, ಪಕ್ಕದ ಕಣ್ಣು ಅದೇ ಹೊತ್ತಿನಲ್ಲಿ ದುಡಿಯುತ್ತಿದ್ದುದರಿಂದ. 1970ರ ದಶಕದ ಭೂಸುಧಾರಣೆಯನ್ನು ಕಂಡ ನಮಗೆ "ಉಳುವವನೇ ಹೊಲದೊಡೆಯ" ಎಂಬ ಮಾತು ಹೊಸದಲ್ಲ. ಎಳೆಯ ಕಾರ್ಟೆಕ್ಸ್‌ನಲ್ಲಿ ನಡೆಯುವುದೂ ಅದೇ. ಹುಟ್ಟುವಾಗ ಹೊಲ ಎರಡೂ ಕಣ್ಣುಗಳ ಜಂಟಿ ಹೆಸರಿನಲ್ಲಿರುತ್ತದೆ. ಒಂದು ಕಣ್ಣು ಉತ್ತು, ಇನ್ನೊಂದು ಬರದೇ ಹೋದರೆ ಉತ್ತ ಕಣ್ಣಿಗೆ ಹೊಲ ಸೇರುತ್ತದೆ. ಇಬ್ಬರೂ ಬರದಿದ್ದರೆ ಖಾತೆ ಬದಲಾಗದೆ ಉಳಿಯುತ್ತದೆ. ಹದ ಮುಗಿಯುವುದರೊಳಗೆ ಮುಚ್ಚಿದ ಕಣ್ಣನ್ನು ತೆರೆದು, ತೆರೆದಿದ್ದನ್ನು ಮುಚ್ಚಿದರೆ ಖಾತೆ ಮತ್ತೆ ತಿರುಗುತ್ತದೆ ಎಂದೂ ತೋರಿಸಲಾಗಿದೆ. ಎರಡು ನರಕೋಶಗಳು ಕೂಡುವ ನರಸಂಧಿಗಳ ಮಟ್ಟದಲ್ಲಿ ನೋಡಿದರೆ ಇದು ರೂಪಕವಷ್ಟೇ ಅಲ್ಲ, ಕಣ್ಣಿಗೆ ಕಾಣುವ ಸಂಗತಿ: ದುಡಿಯುವ ಕಣ್ಣಿನಿಂದ ಬಂದ ತಂತುಗಳ ಕವಲುಗಳು ಕಾರ್ಟೆಕ್ಸ್‌ನಲ್ಲಿ ಹರಡಿ ದಟ್ಟವಾಗುತ್ತವೆ, ಮುಚ್ಚಿದ ಕಣ್ಣಿನವು ಹಿಂದೆ ಸರಿದು ಕಿರಿದಾಗುತ್ತವೆ.

ಹಾಗಾದರೆ ಹುಟ್ಟಿನಿಂದ ಬಂದದ್ದು ಏನೂ ಇಲ್ಲವೇ? ಇದೆ, ಬೇಕಾದಷ್ಟಿದೆ. ಲೋಕವನ್ನೇ ಕಾಣದ ಮರಿಯ ಕಾರ್ಟೆಕ್ಸ್‌ನಲ್ಲೂ ಗೆರೆಯ ಓರೆಯನ್ನು ಗುರುತಿಸುವ ಕೋಶಗಳು ಇರುತ್ತವೆ. ಕಣ್ಣು ತೆರೆಯುವ ಮೊದಲೇ ಅಕ್ಷಿಪಟದಲ್ಲಿ ತಾನಾಗಿಯೇ ವಿದ್ಯುತ್ತಿನ ಅಲೆಗಳು ಎದ್ದು ಮಿದುಳಿನ ಕಡೆಗೆ ಹರಿಯುತ್ತವೆ ಎಂಬುದನ್ನು 1991ರಲ್ಲಿ ಕಾರ್ಲಾ ಶಾಟ್ಜ್ ಮತ್ತು ಸಂಗಡಿಗರು ಫೆರೆಟ್ ಎಂಬ ಸಣ್ಣ ಸಸ್ತನಿಯ ಮರಿಗಳಲ್ಲಿ ದಾಖಲಿಸಿದರು. ನೋಟ ಬರುವ ಮೊದಲೇ ಮಿದುಳು ನೋಟದ ತಾಲೀಮು ನಡೆಸುತ್ತಿರುತ್ತದೆ. ವಂಶವಾಹಿಗಳು ಸ್ಥೂಲ ನಕ್ಷೆಯನ್ನು ಕೊಡುತ್ತವೆ, ಅನುಭವ ಅದನ್ನು ಸ್ಥಿರಪಡಿಸುತ್ತದೆ. ವಿಲಿಯಂ ಗ್ರೀನೋ ಎಂಬ ವಿಜ್ಞಾನಿ ಅನುಭವಗಳಲ್ಲೇ ಎರಡು ಬಗೆ ಮಾಡಿದ್ದು ನನಗೆ ಬಹಳ ಉಪಯುಕ್ತವೆನಿಸಿದೆ. ಬೆಳಕು, ಗೆರೆ, ತಾಯಿಯ ಸ್ಪರ್ಶ, ಸ್ವಜಾತಿಯ ದನಿ, ಇವು ಆ ಜಾತಿಯ ಪ್ರತಿ ಮರಿಗೂ ಸಿಕ್ಕೇ ಸಿಗುತ್ತವೆಂಬ ಭರವಸೆಯ ಮೇಲೆ ಮಿದುಳು ತನ್ನ ಕಟ್ಟಡವನ್ನು ಅರ್ಧಕ್ಕೆ ನಿಲ್ಲಿಸಿ ಕಾಯುತ್ತದೆ. ಯಾವ ಕಾಡಿನಲ್ಲಿ ಯಾವ ದಾರಿ, ಯಾವ ಹಣ್ಣು ಎಲ್ಲಿ ಎಂಬಂಥ ಅನುಭವಗಳು ಒಂದೊಂದು ಪ್ರಾಣಿಗೆ ಒಂದೊಂದು. ಅವುಗಳಿಗಾಗಿ ಮಿದುಳು ಆಯುಷ್ಯವಿಡೀ ಹೊಸ ನರಸಂಧಿಗಳನ್ನು ಕಟ್ಟುತ್ತಲೇ ಇರುತ್ತದೆ. ಕಠಿಣವಾದ ಹದವಿರುವುದು ಮುಖ್ಯವಾಗಿ ಮೊದಲನೆಯ ಬಗೆಗೆ.

ಬೆಳಕು ಕಣ್ಣಿಗೆ ಬಿದ್ದರೆ ಸಾಕೇ ಎಂಬ ಪ್ರಶ್ನೆಗೆ, ಅದೇ 1963ರಲ್ಲಿ ರಿಚರ್ಡ್ ಹೆಲ್ಡ್ ಮತ್ತು ಅಲನ್ ಹೈನ್ ಮಾಡಿದ ಪ್ರಯೋಗ ಉತ್ತರ ಕೊಡುತ್ತದೆ. ಗೋಡೆಗೆ ಪಟ್ಟೆಗಳಿದ್ದ ದುಂಡನೆಯ ಅಂಕಣದ ನಡುವೆ ಗಾಣದಂಥ ಒಂದು ತೊಲೆ. ತೊಲೆಯ ಒಂದು ತುದಿಗೆ ಕಟ್ಟಿದ ಬೆಕ್ಕಿನ ಮರಿ ತನ್ನ ಕಾಲಲ್ಲಿ ನಡೆಯುತ್ತದೆ. ಇನ್ನೊಂದು ತುದಿಯ ತೊಟ್ಟಿಲಲ್ಲಿ ಕೂತ ಮರಿ ಅದರ ಚಲನೆಯಿಂದಲೇ ಸುತ್ತುತ್ತದೆ. ಇಬ್ಬರ ಕಣ್ಣಿಗೂ ಬೀಳುವ ದೃಶ್ಯ ಒಂದೇ. ಉಳಿದ ಹೊತ್ತು ಇಬ್ಬರೂ ಕತ್ತಲಲ್ಲಿ. ಇಂಥ ಹಲವು ದಿನಗಳ ಬಳಿಕ ನಡೆದಾಡಿದ ಮರಿ ಮೇಜಿನ ಅಂಚಿಗೆ ಬಂದಾಗ ಮುಂಗಾಲು ಚಾಚುತ್ತಿತ್ತು, ಆಳ ಕಂಡರೆ ಹಿಂದೆ ಸರಿಯುತ್ತಿತ್ತು. ತೊಟ್ಟಿಲಲ್ಲಿ ಕೂತ ಮರಿ ಎರಡನ್ನೂ ಮಾಡಲಿಲ್ಲ. ಅದನ್ನೂ ಬೆಳಕಿನಲ್ಲಿ ಸ್ವತಂತ್ರವಾಗಿ ಓಡಾಡಲು ಬಿಟ್ಟ ಮೇಲೆ ಬೇಗ ಕಲಿಯಿತು. ತಾನು ಕಾಲಿಟ್ಟದ್ದಕ್ಕೂ ಕಣ್ಣೆದುರು ಲೋಕ ಸರಿದದ್ದಕ್ಕೂ ಇರುವ ಸಂಬಂಧ ನೋಡುತ್ತ ಕೂತವನಿಗೆ ದಕ್ಕುವುದಿಲ್ಲ. ಪರದೆಯ ಮುಂದೆ ಗಂಟೆಗಟ್ಟಲೆ ಕೂತಿರುವ ಎಳೆಯ ಮಕ್ಕಳನ್ನು ಕಂಡಾಗಲೆಲ್ಲ ನನಗೆ ಆ ತೊಟ್ಟಿಲಿನ ಮರಿ ನೆನಪಾಗುತ್ತದೆ. ಬೆಕ್ಕಿನಿಂದ ಮಗುವಿಗೆ ನೇರವಾಗಿ ಜಿಗಿಯಬಾರದೆಂದು ಗೊತ್ತಿದ್ದೂ ನೆನಪಾಗುತ್ತದೆ.

ಕಿವಿಗೂ ಹೀಗೆಯೇ ಹದವಿದೆ. ಕ್ಯಾಲಿಫೋರ್ನಿಯಾದ ಬಿಳಿ ನೆತ್ತಿಯ ಗುಬ್ಬಿಗಳ ಮೇಲೆ ಪೀಟರ್ ಮಾರ್ಲರ್ ನಡೆಸಿದ ಅಧ್ಯಯನಗಳ ಪ್ರಕಾರ, ಗಂಡು ಮರಿ ತನ್ನ ಜಾತಿಯ ಹಾಡನ್ನು ಹುಟ್ಟಿದ 10ರಿಂದ 50 ದಿನಗಳ ನಡುವೆ ಕೇಳಿಸಿಕೊಂಡರೆ, ಎಷ್ಟೋ ತಿಂಗಳ ಬಳಿಕ ತಾನು ಹಾಡಲು ತೊಡಗಿದಾಗ ಆ ನೆನಪಿನಂತೆ ಹಾಡುತ್ತದೆ. ಆ ಅವಧಿಯಲ್ಲಿ ಕೇಳದಿದ್ದರೆ ಹಾಡು ಕೊನೆಯವರೆಗೂ ಒರಟಾಗಿಯೇ ಉಳಿಯುತ್ತದೆ. ಇದು ಪಠ್ಯಪುಸ್ತಕಗಳಿಗೆ ಸೇರಿದ ಮಾತು. ಆದರೆ ಮಾರ್ಲರ್ ಕೇಳಿಸಿದ್ದು ಧ್ವನಿಸುರುಳಿಯನ್ನು. 1984ರಲ್ಲಿ ಬ್ಯಾಪ್ಟಿಸ್ಟಾ ಮತ್ತು ಪೆಟ್ರಿನೊವಿಚ್ ಧ್ವನಿಸುರುಳಿಯ ಬದಲು ಜೀವಂತ ಹಕ್ಕಿಯನ್ನೇ ಪಕ್ಕದ ಗೂಡಿನಲ್ಲಿಟ್ಟಾಗ, 50 ದಿನ ದಾಟಿದ ಮರಿಗಳೂ ಕಲಿತವು; ಬೇರೆ ಜಾತಿಯ ಹಕ್ಕಿಯ ಹಾಡನ್ನು ಕೂಡ ಕಲಿತವು. ಶಿಕ್ಷಕರ ಸಭೆಯಲ್ಲಿ ಇದನ್ನು ಹೇಳುವಾಗ ನನಗೆ ವಿಶೇಷ ಸಂತೋಷವಾಗುತ್ತದೆ. ಹದದ ಕೊನೆಯ ದಿನ ಪಂಚಾಂಗದಲ್ಲಿ ಬರೆದಿಟ್ಟ ದಿನವಲ್ಲ; ಕಲಿಸುವವರು ಯಾರು, ಕಲಿಯುವ ಸಂದರ್ಭ ಎಷ್ಟು ಜೀವಂತವಾಗಿದೆ ಎಂಬುದರ ಮೇಲೆ ಅದು ಮುಂದಕ್ಕೂ ಹೋಗುತ್ತದೆ.

ಇದನ್ನು ಇನ್ನೂ ಸ್ಪಷ್ಟವಾಗಿ ತೋರಿಸಿಕೊಟ್ಟದ್ದು ಕಣಜ ಗೂಬೆ. ಕತ್ತಲಲ್ಲಿ ಇಲಿಯ ಸದ್ದನ್ನಷ್ಟೇ ಹಿಡಿದು ಎರಗುವ ಈ ಹಕ್ಕಿ, ಸದ್ದು ಎರಡು ಕಿವಿಗಳನ್ನು ತಲುಪುವ ಕಾಲದಲ್ಲಿರುವ ಅತಿಸೂಕ್ಷ್ಮ ಅಂತರದಿಂದ ದಿಕ್ಕನ್ನು ಲೆಕ್ಕ ಹಾಕುತ್ತದೆ. ಅದರ ನಡುಮಿದುಳಿನಲ್ಲಿ ಸದ್ದಿನ ನಕ್ಷೆಯೊಂದು ನೋಟದ ನಕ್ಷೆಯ ಮೇಲೆ ಸರಿಯಾಗಿ ಕೂತಿರುತ್ತದೆ. ಸ್ಟ್ಯಾನ್‌ಫರ್ಡ್‌ನ ಎರಿಕ್ ನುಡ್ಸೆನ್ ಗೂಬೆ ಮರಿಗಳಿಗೆ ದೃಶ್ಯವನ್ನು 23 ಡಿಗ್ರಿ ಪಕ್ಕಕ್ಕೆ ಸರಿಸುವ ಪ್ರಿಸಂ ಕನ್ನಡಕ ತೊಡಿಸಿದರು. ಗೂಬೆ ಕಣ್ಣುಗುಡ್ಡೆಯನ್ನು ತಿರುಗಿಸಲಾರದಾದ್ದರಿಂದ ಕನ್ನಡಕದಿಂದ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಕೆಲವು ವಾರಗಳಲ್ಲಿ ಮರಿಗಳ ಸದ್ದಿನ ನಕ್ಷೆಯೇ ಸರಿದು ನೋಟದ ನಕ್ಷೆಗೆ ಹೊಂದಿಕೊಂಡಿತು. ಬೆಳೆದ ಗೂಬೆಗಳಲ್ಲಿ ಅಷ್ಟು ಬದಲಾವಣೆ ಆಗಲಿಲ್ಲ. ಗಮನಾರ್ಹವಾದದ್ದು ಇದರ ಮುಂದಿನ ಭಾಗ. ಒಂಟಿಯಾಗಿ ಸಣ್ಣ ಪಂಜರದಲ್ಲಿಟ್ಟ ಗೂಬೆಗಳಲ್ಲಿ ಈ ಹದ ಸುಮಾರು 70 ದಿನಗಳಿಗೆ ಮುಗಿದರೆ, ಹಾರಾಡಲು ಜಾಗವಿದ್ದ ದೊಡ್ಡ ಪಂಜರದಲ್ಲಿ ಜೊತೆಗಾರರ ನಡುವೆ ಬೆಳೆದವುಗಳಲ್ಲಿ ಸುಮಾರು 200 ದಿನಗಳವರೆಗೆ ಉಳಿಯಿತು. ಬೆಳೆದ ಗೂಬೆಗಳಿಗೂ ಒಮ್ಮೆಲೇ 23 ಡಿಗ್ರಿಯ ಕನ್ನಡಕ ಕೊಡದೆ ಹಂತ ಹಂತವಾಗಿ ಏರಿಸುತ್ತ ಹೋದಾಗ, ಅಥವಾ ಜೀವಂತ ಇಲಿಯನ್ನು ಬೇಟೆಯಾಡಿಯೇ ಹೊಟ್ಟೆ ಹೊರೆಯಲು ಬಿಟ್ಟಾಗ, ಅವು ಹೆಚ್ಚು ಕಲಿತವು. ಮರಿಯಾಗಿದ್ದಾಗ ಒಮ್ಮೆ ಕನ್ನಡಕಕ್ಕೆ ಹೊಂದಿಕೊಂಡಿದ್ದ ಗೂಬೆ, ಅದನ್ನು ತೆಗೆದು ಸಹಜ ನೋಟಕ್ಕೆ ಮರಳಿ, ಬೆಳೆದ ಮೇಲೆ ಮತ್ತೆ ಅದೇ ಕನ್ನಡಕ ತೊಟ್ಟಾಗ ಪುನಃ ಹೊಂದಿಕೊಂಡಿತು. ಎಳವೆಯಲ್ಲಿ ಬೆಳೆದ ನರಮಾರ್ಗ ಅಳಿಸಿಹೋಗಿರಲಿಲ್ಲ, ಬಳಕೆಯಿಲ್ಲದೆ ಸುಮ್ಮನೆ ಇತ್ತು.

ಹದ ಏಕೆ ಮುಗಿಯುತ್ತದೆ? ಮಿದುಳಿಗೆ ವಯಸ್ಸಾಗಿ ಶಕ್ತಿ ಕುಂದುವುದರಿಂದ ಎಂದು ಬಹುಕಾಲ ಭಾವಿಸಲಾಗಿತ್ತು. ತಕಾವೊ ಹೆನ್ಶ್ ಮತ್ತು ಇತರರ ಕೆಲಸ ಬೇರೆಯದೇ ಚಿತ್ರ ಕೊಟ್ಟಿತು. ಮಿದುಳಿನಲ್ಲಿ ಚಟುವಟಿಕೆಯನ್ನು ಹೆಚ್ಚಿಸುವ ಕೋಶಗಳಿರುವಂತೆ ತಡೆಹಿಡಿಯುವ ಕೋಶಗಳೂ ಇವೆ. ಈ ತಡೆಯುವ ಕೋಶಗಳು ಪಕ್ವವಾಗುತ್ತಿದ್ದಂತೆ ಹದ ತೆರೆಯುತ್ತದೆ. ತಡೆಯುವ ರಾಸಾಯನಿಕವನ್ನು ತಯಾರಿಸುವ ಒಂದು ಕಿಣ್ವವಿಲ್ಲದಂತೆ ಮಾಡಿದ ಚಿಕ್ಕಿಲಿಗಳಲ್ಲಿ ಹದವೇ ಬರುವುದಿಲ್ಲ; ಅವುಗಳಿಗೆ ಡಯಾಜೆಪಾಮ್ ಎಂಬ ಔಷಧ ಕೊಟ್ಟು ತಡೆಯನ್ನು ಬಲಪಡಿಸಿದರೆ ಬರುತ್ತದೆ. ಇದು 1998ರ ಶೋಧ. ಅದೇ ಕೋಶಗಳ ಸುತ್ತ ಮುಂದೆ ಪ್ರೋಟೀನು ಮತ್ತು ಸಕ್ಕರೆಯ ಎಳೆಗಳಿಂದಾದ ಬಲೆಯೊಂದು ಹೆಣೆದುಕೊಳ್ಳುತ್ತದೆ, ಹದ ಮುಚ್ಚುವುದು ಆ ಹೊತ್ತಿಗೆ. ಕತ್ತಲಲ್ಲಿ ಬೆಳೆದ ಪ್ರಾಣಿಯಲ್ಲಿ ಈ ಬಲೆ ತಡವಾಗಿ ಹೆಣೆಯುತ್ತದೆ, ಹದವೂ ತಡವಾಗಿ ಮುಗಿಯುತ್ತದೆ. 2002ರಲ್ಲಿ ಇಟಲಿಯ ಪೀಸಾದ ವಿಜ್ಞಾನಿಗಳು ಬೆಳೆದ ಇಲಿಗಳಲ್ಲಿ ಕಿಣ್ವವೊಂದರಿಂದ ಈ ಬಲೆಯನ್ನು ಕರಗಿಸಿದಾಗ, ಎಂದೋ ಮುಗಿದಿದ್ದ ಹದ ಮತ್ತೆ ಕಾಣಿಸಿಕೊಂಡಿತು. ಹೊಲ ಬಂಜರಾದದ್ದರಿಂದ ಬಿತ್ತನೆ ನಿಂತದ್ದಲ್ಲ. ಬೆಳೆದ ಪೈರನ್ನು ಕಾಯಲು ಮಿದುಳೇ ಸುತ್ತ ಬೇಲಿ ಕಟ್ಟಿಕೊಂಡಿದೆ. ಲೋಕದ ಬಗ್ಗೆ ಕಲಿತದ್ದನ್ನು ದಿನವೂ ಅಳಿಸಿ ಬರೆಯುವ ಮಿದುಳಿನಿಂದ ಯಾವ ಪ್ರಾಣಿಗೂ ಉಪಯೋಗವಿಲ್ಲ.

ಈಗ ತಾಯಿಯ ವಿಷಯಕ್ಕೆ ಬರುತ್ತೇನೆ. ಇದು ನನಗೆ ಹೃದಯಕ್ಕೆ ಹತ್ತಿರವಾದ ಭಾಗ, ಹೆಚ್ಚು ಹೊತ್ತು ತೆಗೆದುಕೊಂಡರೆ ಕ್ಷಮಿಸಬೇಕು.

1957ರಲ್ಲಿ ಸೀಮೋರ್ ಲೆವಿನ್ ಒಂದು ವಿಚಿತ್ರವನ್ನು ಕಂಡರು. ಇಲಿಮರಿಗಳನ್ನು ದಿನಕ್ಕೆ ಕೆಲವೇ ನಿಮಿಷ ಗೂಡಿನಿಂದ ಎತ್ತಿ ಬೇರೆ ಇಟ್ಟು ಮತ್ತೆ ತಾಯಿಯ ಬಳಿ ಬಿಟ್ಟರೆ, ಆ ಮರಿಗಳು ಬೆಳೆದ ಮೇಲೆ ಅಂಜುಬುರುಕವಾಗುವ ಬದಲು, ಮುಟ್ಟದೆ ಬಿಟ್ಟ ಮರಿಗಳಿಗಿಂತ ಹೆಚ್ಚು ಶಾಂತವಾಗಿದ್ದವು. ಚಿಕ್ಕ ಕಷ್ಟ ಗಟ್ಟಿ ಮಾಡುತ್ತದೆ ಎಂದು ಇದನ್ನು ಅರ್ಥೈಸುವುದು ಸುಲಭವಿತ್ತು. ಆದರೆ ಗೂಡಿನಲ್ಲಿ ನಡೆಯುತ್ತಿದ್ದುದನ್ನು ಗಮನವಿಟ್ಟು ನೋಡಿದಾಗ ಕಂಡದ್ದು ಬೇರೆ: ಮರಿ ಹಿಂದಿರುಗಿದ ಕೂಡಲೇ ತಾಯಿ ಅದನ್ನು ಎಂದಿಗಿಂತ ಹೆಚ್ಚು ನೆಕ್ಕಿ, ಮೈ ನೇವರಿಸಿ, ಬೆನ್ನು ಬಾಗಿಸಿ ಹಾಲೂಡುತ್ತಿತ್ತು. ಹಾಗಿದ್ದರೆ ಮನುಷ್ಯರ ಕೈಯೇ ತಾಗದ ಗೂಡುಗಳಲ್ಲೂ ಹೆಚ್ಚು ನೆಕ್ಕುವ ತಾಯಂದಿರು, ಕಡಿಮೆ ನೆಕ್ಕುವ ತಾಯಂದಿರು ಇರಬೇಕಲ್ಲವೇ? ಕೆನಡಾದ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಮೈಕೆಲ್ ಮೀನಿ ಮತ್ತು ಸಂಗಡಿಗರು 1997ರಲ್ಲಿ ಅದನ್ನೇ ತೋರಿಸಿದರು. ಹೆಚ್ಚು ನೆಕ್ಕಿಸಿಕೊಂಡ ಮರಿಗಳು ದೊಡ್ಡವಾದಾಗ ಬೆದರಿಕೆಯೆದುರು ಅವುಗಳ ರಕ್ತದಲ್ಲಿ ಒತ್ತಡದ ಹಾರ್ಮೋನು ಕಡಿಮೆ ಏರುತ್ತಿತ್ತು, ಬೇಗ ಇಳಿಯುತ್ತಿತ್ತು. ಕಾರಣ ಅವುಗಳ ಮಿದುಳಿನಲ್ಲಿ ನೆನಪಿಗೆ ಮುಖ್ಯವಾದ ಭಾಗವಾದ ಹಿಪ್ಪೊಕ್ಯಾಂಪಸ್‌ನಲ್ಲಿತ್ತು. ಆ ಹಾರ್ಮೋನನ್ನು ಗುರುತಿಸಿ "ಇನ್ನು ಸಾಕು" ಎಂದು ಹೇಳುವ ಗ್ರಾಹಕಗಳು ಅಲ್ಲಿ ಹೆಚ್ಚಾಗಿದ್ದವು.

ಇದು ವಂಶದಿಂದ ಬಂದದ್ದಲ್ಲ ಎಂದು ಹೇಗೆ ಹೇಳುವುದು? 1999ರಲ್ಲಿ ಅವರು ಮರಿಗಳನ್ನು ಹುಟ್ಟಿದ ಕೂಡಲೇ ಅದಲುಬದಲು ಮಾಡಿದರು. ಕಡಿಮೆ ನೆಕ್ಕುವ ತಾಯಿ ಹೆತ್ತ ಮರಿ, ಹೆಚ್ಚು ನೆಕ್ಕುವ ಸಾಕುತಾಯಿಯ ಬಳಿ ಬೆಳೆದಾಗ ಸಾಕುತಾಯಿಯ ಮರಿಯಂತೆಯೇ ಆಯಿತು. ಅದು ಹೆಣ್ಣಾಗಿದ್ದರೆ, ತಾನು ತಾಯಿಯಾದಾಗ ತನ್ನ ಮರಿಗಳನ್ನೂ ಹೆಚ್ಚು ನೆಕ್ಕಿತು. ವಂಶವಾಹಿಯ ಒಂದು ಅಕ್ಷರವೂ ಬದಲಾಗದೆ, ಮಮತೆಯ ರೀತಿಯೊಂದು ತಲೆಮಾರಿನಿಂದ ತಲೆಮಾರಿಗೆ ಮಿದುಳಿನ ಮೂಲಕ ಸಾಗಿತು. 2004ರಲ್ಲಿ ಅದೇ ತಂಡ ಇದರ ಗುರುತನ್ನು ಡಿಎನ್‌ಎ ಮೇಲೆಯೇ ಕಂಡಿತು. ತಾಯಿಯ ನಾಲಿಗೆಯ ಸ್ಪರ್ಶದಿಂದ ಮರಿಯ ಮಿದುಳಿನಲ್ಲಿ, ನರಕೋಶಗಳ ನಡುವೆ ಸಂದೇಶ ಒಯ್ಯುವ ಸಿರೊಟೋನಿನ್ ಎಂಬ ರಾಸಾಯನಿಕದ ಚಟುವಟಿಕೆ ಹೆಚ್ಚಿ, ಅಲ್ಲಿಂದ ಆರಂಭವಾಗುವ ರಾಸಾಯನಿಕ ಸರಪಳಿಯು ಆ ಗ್ರಾಹಕದ ವಂಶವಾಹಿಯ ಆರಂಭದಲ್ಲಿ ಬೀಗದಂತೆ ಕೂತಿರುವ ಮೀಥೈಲ್ ಗುಂಪುಗಳೆಂಬ ರಾಸಾಯನಿಕ ಗುರುತುಗಳನ್ನು ಕಡಿಮೆ ಮಾಡುತ್ತದೆ. ಬೀಗ ಸಡಿಲವಾದಂತೆ ವಂಶವಾಹಿ ಹೆಚ್ಚು ಕೆಲಸ ಮಾಡುತ್ತದೆ. ಈ ವ್ಯತ್ಯಾಸ ಮೂಡುವುದು ಹುಟ್ಟಿದ ಮೊದಲ ವಾರದಲ್ಲಿ, ಉಳಿಯುವುದು ಆಯುಷ್ಯವಿಡೀ. ಆದರೂ ಬೆಳೆದ ಇಲಿಯ ಮಿದುಳಿಗೆ ಒಂದು ರಾಸಾಯನಿಕವನ್ನು ನೀಡಿ ಅದನ್ನು ತಿರುಗಿಸಬಹುದೆಂದು ಅದೇ ಪ್ರಯೋಗದಲ್ಲಿ ತೋರಿಸಲಾಯಿತು.

ಕಡಿಮೆ ನೆಕ್ಕುವ ತಾಯಿಯನ್ನು ಕೆಟ್ಟ ತಾಯಿ ಎಂದು ಕರೆಯಲು ಅವಸರಪಡಬಾರದು. ಅವಳ ಮರಿಗಳ ಹಿಪ್ಪೊಕ್ಯಾಂಪಸ್, ಒತ್ತಡದ ಹಾರ್ಮೋನು ಹೆಚ್ಚಿರುವ ಸ್ಥಿತಿಯಲ್ಲಿ ಇತರ ಮರಿಗಳಿಗಿಂತ ಚೆನ್ನಾಗಿ ಕಲಿಯುತ್ತದೆ ಎಂದು 2008ರ ಅಧ್ಯಯನವೊಂದು ತೋರಿಸಿತು. ಅಪಾಯ ತುಂಬಿದ ಲೋಕದಲ್ಲಿ ಬೇಗ ಬೆಚ್ಚುವ ಇಲಿಯೇ ಉಳಿಯುತ್ತದೆ. ಹೊರಗಿನ ಲೋಕ ಹೇಗಿದೆ ಎಂಬ ಸುದ್ದಿ ಕಣ್ಣು ತೆರೆಯದ ಮರಿಗೆ ತಲುಪುವುದು ತಾಯಿಯ ಮೈಯಿಂದಲೇ. ಆ ಸುದ್ದಿಯಲ್ಲಿ ಮೊತ್ತದಷ್ಟೇ ಲಯವೂ ಮುಖ್ಯ: ಗೂಡು ಕಟ್ಟಲು ಸಾಕಷ್ಟು ಸಾಮಗ್ರಿ ಕೊಡದೆ ತಾಯಿಯನ್ನು ಪೇಚಾಟಕ್ಕೆ ಸಿಲುಕಿಸಿದಾಗ, ಆರೈಕೆಯ ಒಟ್ಟು ಹೊತ್ತು ಕಡಿಮೆಯಾಗದಿದ್ದರೂ ಅದು ತುಂಡು ತುಂಡಾಗುತ್ತದೆ, ಹಿಂದುಮುಂದಾಗುತ್ತದೆ. ಕ್ಯಾಲಿಫೋರ್ನಿಯಾದ ಟ್ಯಾಲಿ ಬರಾಮ್ ಅವರ ಅಧ್ಯಯನಗಳಲ್ಲಿ ಅಂಥ ಮರಿಗಳು ಬೆಳೆದ ಮೇಲೆ ನೆನಪಿನಲ್ಲಿ ಹಿಂದುಳಿದವು, ಸಿಹಿಯಲ್ಲೂ ಆಟದಲ್ಲೂ ಇತರ ಮರಿಗಳಷ್ಟು ಆಸಕ್ತಿ ತೋರಲಿಲ್ಲ. ಬಡತನ ತಾಯಿಯ ಪ್ರೀತಿಯನ್ನು ಕಡಿಮೆ ಮಾಡುವುದಿಲ್ಲ, ಅವಳ ನೆಮ್ಮದಿಯನ್ನು ಕತ್ತರಿಸುತ್ತದೆ ಎಂಬ ನಮ್ಮ ಅನುಭವಕ್ಕೆ ಇದು ಎಷ್ಟು ಹತ್ತಿರವಿದೆ ನೋಡಿ.

ಇನ್ನೊಂದು ಪ್ರಯೋಗವನ್ನು ಹೇಳದೆ ಇರಲಾರೆ. ಹತ್ತು ದಿನದೊಳಗಿನ ಇಲಿಮರಿಗೆ ಒಂದು ವಾಸನೆ ತೋರಿಸಿ ಜೊತೆಗೇ ನೋವು ಕೊಟ್ಟರೆ, ಅದು ಆ ವಾಸನೆಯಿಂದ ದೂರ ಓಡುವುದಿಲ್ಲ, ಅದರ ಕಡೆಗೇ ತೆವಳುತ್ತದೆ. ರೆಜಿನಾ ಸಲ್ಲಿವನ್ ಮತ್ತು ಸಂಗಡಿಗರು 2000ದಲ್ಲಿ ಇದನ್ನು ಪ್ರಕಟಿಸಿದರು. ಆ ವಯಸ್ಸಿನಲ್ಲಿ ಭಯವನ್ನು ಕಲಿಸುವ ಅಮಿಗ್ಡಲಾ ಎಂಬ ಮಿದುಳಿನ ಭಾಗ ಇನ್ನೂ ಆ ಕೆಲಸಕ್ಕೆ ಇಳಿದಿರುವುದಿಲ್ಲ. ತಾಯಿಯಿಲ್ಲದೆ ಬದುಕಲಾಗದ ಮರಿಗೆ, ನೋಯಿಸುವ ತಾಯಿಯಾದರೂ ಸರಿ, ಅಂಟಿಕೊಳ್ಳುವುದನ್ನು ಬಿಟ್ಟು ಬೇರೆ ದಾರಿಯಿಲ್ಲ. "ಹೊಡೆದರೂ ನನ್ನ ಹಿಂದೆಯೇ ಬರುತ್ತದೆ, ಹಾಗಾದರೆ ಏನೂ ಆಗಿಲ್ಲ" ಎಂದು ಹೇಳುವ ಹಿರಿಯರಿಗೆ ನಾನು ಈ ಮರಿಯ ಕಥೆಯನ್ನು ಹೇಳುತ್ತೇನೆ. ಹಿಂದೆ ಬರುವುದು ಏನೂ ಆಗಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಗಾದೆಯ ವಿಸ್ತರಣೆಯಲ್ಲಿ ಬೆತ್ತವನ್ನು ಸಮರ್ಥಿಸಲು ಈ ವಿಜ್ಞಾನದಲ್ಲಿ ಎಲ್ಲಿಯೂ ಆಧಾರವಿಲ್ಲ.

ನಮ್ಮ ದೇಶದಲ್ಲೂ ಈ ಕ್ಷೇತ್ರದಲ್ಲಿ ಒಳ್ಳೆಯ ಕೆಲಸ ನಡೆದಿದೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿದಿತಾ ವೈದ್ಯ ಅವರ ತಂಡ, ಹುಟ್ಟಿದ ಎರಡನೆಯ ದಿನದಿಂದ ಹದಿನಾಲ್ಕನೆಯ ದಿನದವರೆಗೆ ದಿನಕ್ಕೆ ಮೂರು ಗಂಟೆ ತಾಯಿಯಿಂದ ಅಗಲಿಸಿದ ಇಲಿಮರಿಗಳು ಬೆಳೆದ ಮೇಲೆ ಆತಂಕದಿಂದ ಬಳಲುವುದನ್ನೂ, ಅದೇ ದಿನಗಳಲ್ಲಿ ಸಿರೊಟೋನಿನ್‌ನ ಒಂದು ಬಗೆಯ ಗ್ರಾಹಕವನ್ನು ಔಷಧದಿಂದ ತಡೆದರೆ ಆ ಆತಂಕ ಮೂಡದಿರುವುದನ್ನೂ ತೋರಿಸಿದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಿ. ಎಸ್. ಶಂಕರನಾರಾಯಣ ರಾವ್ ಮತ್ತು ಟಿ. ಆರ್. ರಾಜು ಅವರ ಪ್ರಯೋಗಾಲಯ, ದೀರ್ಘ ಒತ್ತಡದಿಂದ ನೆನಪು ಕುಗ್ಗಿದ ಇಲಿಗಳನ್ನು ಆಟದ ಸಾಮಾನು, ಏಣಿ, ಜೊತೆಗಾರರು ಇರುವ ವಿಶಾಲ ಪಂಜರಕ್ಕೆ ಸೇರಿಸಿದಾಗ ಅವುಗಳ ನೆನಪು ಚೇತರಿಸಿಕೊಂಡದ್ದನ್ನೂ ಹಿಪ್ಪೊಕ್ಯಾಂಪಸ್‌ನಲ್ಲಿ ಹೊಸ ಕೋಶಗಳ ಹುಟ್ಟು ಮರಳಿದ್ದನ್ನೂ ವರದಿ ಮಾಡಿತು. ಅವು ಬೆಳೆದ ಇಲಿಗಳು 
ಎಂಬುದನ್ನು ಮರೆಯಬೇಡಿ.

ಈ ಅರಿವಿನ ಹಿಂದೆ ಪ್ರಾಣಿಗಳು ಪಟ್ಟ ನೋವಿದೆ. ತಾಯಿಯಿಲ್ಲದೆ ಬೆಳೆದ ಮಂಗನ ಮರಿಗಳು ಹಾಲು ಕೊಡುವ ತಂತಿಯ ಬೊಂಬೆಯನ್ನು ಬಿಟ್ಟು ಬಟ್ಟೆಯ ಬೊಂಬೆಯನ್ನು ಅಪ್ಪಿಕೊಂಡು ಕೂತ, 1950ರ ದಶಕದ ಹ್ಯಾರಿ ಹಾರ್ಲೋ ಅವರ ಪ್ರಯೋಗದ ಚಿತ್ರಗಳನ್ನು ನಾನು ಇಂದಿಗೂ ನೆಮ್ಮದಿಯಿಂದ ನೋಡಲಾರೆ. ನಮ್ಮಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಇಂಥ ಪ್ರಯೋಗಗಳಿಗೆ ಸಮಿತಿಯ ಅನುಮತಿ ಬೇಕು, ಬೇಕಾದದ್ದೇ. ಆ ನೋವಿನಿಂದ ತಿಳಿದದ್ದನ್ನು ತಿಳಿದೂ ಬಳಸದೆ ಬಿಡುವುದು ಇನ್ನೂ ದೊಡ್ಡ ಅನ್ಯಾಯವೆಂದು ನನ್ನ ಭಾವನೆ.

ಹೇಗೆ ಬಳಸಬಹುದು ಎಂಬುದಕ್ಕೆ ಒಂದು ನಿದರ್ಶನ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪವನ್ ಸಿನ್ಹಾ ಅವರು ಭಾರತದಲ್ಲಿ ನಡೆಸುತ್ತಿರುವ ಪ್ರಕಾಶ್ ಯೋಜನೆಯು ಹುಟ್ಟು ಪೊರೆಯಿಂದ ಕುರುಡಾಗಿ ಬೆಳೆದ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡಿಸುತ್ತದೆ, ಮತ್ತು ಅವರ ನೋಟ ಹೇಗೆ ಬೆಳೆಯುತ್ತದೆ ಎಂದು ಅಧ್ಯಯನ ಮಾಡುತ್ತದೆ. ಬೆಕ್ಕಿನ ಮರಿಗಳ ಪ್ರಯೋಗವನ್ನು ಅಕ್ಷರಶಃ ನಂಬಿದ್ದರೆ ಎಂಟು, ಹತ್ತು, ಹದಿನೈದು ವರ್ಷದ ಮಕ್ಕಳಿಗೆ ಶಸ್ತ್ರಚಿಕಿತ್ಸೆಯೇ ವ್ಯರ್ಥವೆನ್ನಬೇಕಿತ್ತು. 2011ರಲ್ಲಿ ಪ್ರಕಟವಾದ ವರದಿಯಲ್ಲಿ 8ರಿಂದ 17 ವರ್ಷದ ಐವರು ಮಕ್ಕಳು, ಕೈಯಿಂದ ಮುಟ್ಟಿ ತಿಳಿದ ಆಕಾರವನ್ನು ಕಟ್ಟು ಬಿಚ್ಚಿದ ಕೂಡಲೇ ಕಣ್ಣಿನಿಂದ ಗುರುತಿಸಲಾರದೆ ಹೋದರು. ಆದರೆ ಕೆಲವೇ ದಿನಗಳಲ್ಲಿ ಗುರುತಿಸತೊಡಗಿದರು. ಅವರ ನೋಟ ನಮ್ಮ ನಿಮ್ಮಷ್ಟು ಸ್ಫುಟವಾಗಲಿಲ್ಲ, ಹದ ಮೀರಿದ್ದರ ಬೆಲೆ ಅಲ್ಲಿ ಉಳಿಯಿತು. ಬದುಕಿಗೆ ಒದಗುವಷ್ಟು ನೋಟ ಮಾತ್ರ ಬಂತು. ಆ ವರದಿಯ ಮೊದಲ ಲೇಖಕರು ರಿಚರ್ಡ್ ಹೆಲ್ಡ್, 1963ರಲ್ಲಿ ಬೆಕ್ಕಿನ ಮರಿಯನ್ನು ತೊಟ್ಟಿಲಲ್ಲಿ ಕೂರಿಸಿದ್ದ ಅದೇ ಹೆಲ್ಡ್.

ಉಪನ್ಯಾಸ ಮುಗಿದ ಮೇಲೆ ಹಿಂದಿನ ಸಾಲಿನ ಶಿಕ್ಷಕಿಯೊಬ್ಬರು ಎದ್ದು ನಿಂತು ಕೇಳಿದರು: "ಸರ್, ನಮ್ಮ ನಾಲ್ಕನೆಯ ತರಗತಿಯಲ್ಲಿ ಒಂದು ಮಗುವಿಗೆ ಮೆಳ್ಳೆಗಣ್ಣಿದೆ. ಅದು ಅದೃಷ್ಟದ ಗುರುತು ಎಂದು ಮನೆಯವರು ಸುಮ್ಮನಿದ್ದಾರೆ. ಈಗ ಒಂಬತ್ತು ವರ್ಷ. ನೀವು ಹೇಳಿದ ಹದ ಮುಗಿದು ಹೋಯಿತೇ?"

ನಾನು ಹೇಳಿದ್ದು ಇಷ್ಟು. ಮೇಡಂ, ಹ್ಯೂಬೆಲ್ ಮತ್ತು ವೀಸೆಲ್ ಬೆಕ್ಕಿನ ಮರಿಗಳ ಕಣ್ಣಿನ ಸ್ನಾಯುವನ್ನು ಕತ್ತರಿಸಿ ಮೆಳ್ಳೆಗಣ್ಣನ್ನೂ ಉಂಟುಮಾಡಿ ನೋಡಿದ್ದಾರೆ. ಎರಡು ಕಣ್ಣಿಗೂ ಬೆಳಕು ಬಿದ್ದರೂ ಎರಡೂ ಒಂದೇ ಕಡೆ ನೋಡದಿದ್ದಾಗ, ಎರಡೂ ಕಣ್ಣುಗಳ ಮಾತು ಕೇಳುವ ಕೋಶಗಳು ಬಹುತೇಕ ಇಲ್ಲವಾದವು. ಮಕ್ಕಳಲ್ಲಾದರೆ ಓರೆಯಾದ ಕಣ್ಣಿನ ನೋಟವನ್ನು ಮಿದುಳು ಅನೇಕ ವೇಳೆ ಬದಿಗೊತ್ತುತ್ತದೆ, ಅದು ಸೋಮಾರಿ ಕಣ್ಣಾಗುತ್ತದೆ. ಏಳು ವರ್ಷದೊಳಗೆ ಚಿಕಿತ್ಸೆಯಾದರೆ ಉತ್ತಮ ಎಂಬುದು ನಿಜ. ಆದರೆ 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ 7ರಿಂದ 12 ವರ್ಷದ ಮಕ್ಕಳಲ್ಲೂ ಸುಮಾರು ಅರ್ಧದಷ್ಟು ಮಂದಿಗೆ, ಕನ್ನಡಕದ ಜೊತೆ ಒಳ್ಳೆಯ ಕಣ್ಣನ್ನು ದಿನಕ್ಕೆ ಕೆಲವು ಗಂಟೆ ಮುಚ್ಚುವುದೂ ಸೇರಿದ ಚಿಕಿತ್ಸೆಯಿಂದ ಸೋಮಾರಿ ಕಣ್ಣು ಸುಧಾರಿಸಿತು. ಉಳದೆ ಬಿಟ್ಟ ಕಣ್ಣಿಗೆ ಮತ್ತೆ ಉಳುವ ಸರದಿ ಕೊಡುವುದೇ ಆ ಚಿಕಿತ್ಸೆ. ಆದ್ದರಿಂದ ಈ ವಾರವೇ ಮನೆಯವರನ್ನು ಕರೆದು ಮಾತನಾಡಿ, ತಾಲ್ಲೂಕು ಆಸ್ಪತ್ರೆಯ ಕಣ್ಣಿನ ವೈದ್ಯರಿಗೆ ತೋರಿಸಲು ಹೇಳಿ. ಮೆಳ್ಳೆಗಣ್ಣು ಹೊರಗೆ ಕಾಣುತ್ತದೆ. ಎರಡು ಕಣ್ಣುಗಳ ಶಕ್ತಿಯಲ್ಲಿ ಹೆಚ್ಚು ಕಡಿಮೆ ಇರುವ ಮಕ್ಕಳ ಸೋಮಾರಿ ಕಣ್ಣು ಹೊರಗೆ ಕಾಣುವುದಿಲ್ಲ, ಒಳ್ಳೆಯ ಕಣ್ಣು ಎಲ್ಲ ಕೆಲಸವನ್ನೂ ಮಾಡಿಬಿಡುವುದರಿಂದ ಮಗುವಿಗೂ ತಿಳಿಯುವುದಿಲ್ಲ. ನಾಳೆ ಒಂದನೆಯ ತರಗತಿಯ ಮಕ್ಕಳನ್ನು ಒಬ್ಬೊಬ್ಬರಾಗಿ ನಿಲ್ಲಿಸಿ, ಮೊದಲು ಎಡಗಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿಸಿ ಕರಿಹಲಗೆಯ ಮೇಲಿನ ಅಕ್ಷರ ಓದಿಸಿ, ಆಮೇಲೆ ಬಲಗಣ್ಣನ್ನು ಮುಚ್ಚಿಸಿ ಓದಿಸಿ. ಒಂದು ಕಣ್ಣನ್ನು ಮುಚ್ಚಿದಾಗ ಮಾತ್ರ ಯಾವ ಮಗು ತಡವರಿಸುತ್ತದೋ, ಬೆರಳ ಸಂದಿಯಿಂದ ಇಣುಕಲು ನೋಡುತ್ತದೋ, ಅದರ ಹೆಸರನ್ನು ಬರೆದಿಟ್ಟುಕೊಳ್ಳಿ.